ಥೀಬ್ಸ್ ರಾಜರೂ ನಮ್ಮತ್ತೆಯ ಮನೆಯೂ

ಗ್ರೀಸ್ ದೇಶದ ಥೀಬ್ಸ್ ಪಟ್ಟಣದಲ್ಲಿ ರಾಜ ಸತ್ತರೆ ಕೆರಗೋಡಿನ ನಮ್ಮ ಸೋದರಮಾವನಿಗೆ ಸೂತಕ ಎಂದರೆ ನಂಬುತ್ತೀರಾ? ನಂಬಲೇಬೇಕು! ಆ ರಾಜರೆಲ್ಲ ಪುರಾಣದವರು, ಇದ್ದರೋ ಇಲ್ಲವೋ ಅದೂ ಯಾರಿಗೂ ಗೊತ್ತಿಲ್ಲ. ಮಾವ ಮಾತ್ರ ಅವರ ವಿಷಯ ಎತ್ತಿದರೆ ಪಕ್ಕದ ಬೀದಿಯ ದಾಯಾದಿಗಳನ್ನು ನೆನೆಸಿಕೊಂಡವರ ಹಾಗೆ ಸಿಟ್ಟಾಗುತ್ತಿದ್ದರು, ಕರಗುತ್ತಿದ್ದರು.

ಮಾವ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಪಠ್ಯದಲ್ಲಿ ಗ್ರೀಸಿಗೆ ಇದ್ದದ್ದು ಒಂದೂವರೆ ಪುಟ. ಮಾವನಿಗೆ ಒಂದೂವರೆ ತಿಂಗಳೂ ಸಾಲುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ಒಬ್ಬ ಹುಡುಗ ‘ಥೀಬ್ಸಿನ ಮೊದಲ ರಾಜ ಕ್ಯಾಡ್ಮಸ್’ ಎಂದು ಬರೆದುಬಿಟ್ಟ. ಮಾವ ಅರ್ಧ ಅಂಕ ಕೊಟ್ಟರು! ಹೆಡ್‌ಮಾಸ್ಟರು ಕರೆದು ಕೇಳಿದ್ದಕ್ಕೆ, “ಕಟ್ಟೋ ಗುಣ ಇದ್ದ ರಾಜ ಸಾರ್ ಅವ್ನು. ಕಾವೇರಿ ಸಿಕ್ಕಿದ್ರೆ ಸುಮ್ನೆ ಬುಡ್ತಿದ್ನಾ?” ಎಂದರಂತೆ.

ಬೇಸಿಗೆ ರಜಕ್ಕೆ ನಾವು ಮಕ್ಕಳೆಲ್ಲ ಸೇರಿದರೆ ಮಾವನ ಮನೆಯ ಜಗಲಿಯ ಮೇಲೆ ದರ್ಬಾರು. ಕ್ಯಾಡ್ಮಸ್ ಘಟಸರ್ಪವನ್ನು ಕೊಂದು ಅದರ ಹಲ್ಲುಗಳನ್ನು ಹೊಲದಲ್ಲಿ ಬಿತ್ತಿದ, ಭರ್ಜಿ ಹಿಡಿದ ಸೈನಿಕರು ಮಣ್ಣಿಂದೆದ್ದು ತಮ್ಮತಮ್ಮಲ್ಲೇ ಬಡಿದಾಡಿದರು ಎಂದು ಮಾವ ಹೇಳುತ್ತಿದ್ದರೆ, ಪಕ್ಕದ ಮನೆಯ ರೈತರೊಬ್ಬರು ಬೀಡಿ ಕೆಳಗಿಟ್ಟರು. “ಬಿತ್ತಿದ್ಮೇಲೆ ನೀರು ಯಾವ್ದು ಮೇಷ್ಟ್ರೇ? ನಾಲೆದಾ, ಬಾವಿದಾ?”

“ನೀರೇ ಇಲ್ಲ ಕಣಯ್ಯ!”

“ಅದ್ಕೇಯ, ಬೆಳೆ ಬಡ್ದಾಡ್ಕಂಡು ಸತ್ತೋಗಿರಾದು!”

ಅಜ್ಜಿ ಇನ್ನೂ ಒಂದು ಕೈ ಮೇಲು. ಅಕ್ಕನ ಮಗಳನ್ನು ತರುವ ನಮ್ಮ ಕಡೆ ನಂಟಸ್ತಿಕೆಯ ಸಿಕ್ಕು ಬಿಡಿಸಲು ಎಲ್ಲರೂ ಅವರ ಹತ್ತಿರವೇ ಬರಬೇಕು. ಈಡಿಪಸ್ ರಾಜ ಗುರುತು ತಿಳಿಯದೆ ತಂದೆಯನ್ನು ಕೊಂದು, ಗುರುತು ತಿಳಿಯದೆ ತಾಯಿಯನ್ನೇ ಮದುವೆಯಾಗಿ ಹೆಣ್ಣುಮಕ್ಕಳನ್ನು ಪಡೆದ ಕಥೆ ಕೇಳಿ ಅಜ್ಜಿ ಬೆರಳು ಮಡಿಚತೊಡಗಿದರು. “ಆ ಹೆಣ್ಣೈಕ್ಳಿಗೆ ಇವ್ನು ಅಪ್ಪಾನೂ ಆದ, ಅಣ್ಣಾನೂ ಆದ. ಅಂಗಾರೆ ಮದುವೇಲಿ ಧಾರೆ ಎರೀತಾನೋ, ಬಾಮೈದ್ನಾಗಿ ನಿಂತ್ಕತಾನೋ?” ಮಾವ ತಾವೂ ಬೆರಳು ಮಡಿಚತೊಡಗಿದರು. “ಥೂ! ಸರಿ, ಮುಂದಕ್ಕೆ ಹೇಳು” ಎಂದರು ಅಜ್ಜಿ.

ಈ ರಾಜರನ್ನು ಕಂಡರೆ ಆಗದಿದ್ದವರು ಅತ್ತೆ ಒಬ್ಬರೇ. ಅವರಿಗೆ ಬೇಕಿದ್ದದ್ದು ರಾಜ್ಯವಲ್ಲ, ಒಂದು ಸ್ವಂತ ಮನೆ. ಮಾವನಿಗೆ ವರ್ಗವಾದಾಗಲೆಲ್ಲ ಮಳವಳ್ಳಿ, ಮದ್ದೂರು, ಮಂಡ್ಯ ಅಂತ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆಪಗಡ ಸಾಗಿಸಿ ಸಾಕಾಗಿದ್ದರು. ಮಾವ ನಿವೃತ್ತರಾಗಿ ಕೆರಗೋಡಿಗೆ ಮರಳಿ, ಅಲ್ಲೂ ಬಾಡಿಗೆ ಮನೆ ಹಿಡಿದು, ತಮ್ಮ ಜಮೀನಿನಲ್ಲಿ ಮನೆ ಕಟ್ಟುವ ಮಾತು ಬಂದಾಗ ಅತ್ತೆ, “ರಸ್ತೆ ಪಕ್ಕ ಕಟ್ಟಿ, ಬಸ್ಸಿಗೆ ಅತ್ರ ಆಯ್ತದೆ” ಎಂದರು. ಮಾವ ಕೇಳಬೇಕಲ್ಲ!

“ಕ್ಯಾಡ್ಮಸ್ ಹಸುವಿನ ಹಿಂದೆ ಹೋಗಿ, ಅದು ಮಲಗಿದ ಕಡೆ ಥೀಬ್ಸ್ ಕಟ್ಟಿದ. ನಾನೂ ಅಂಗೇಯ!”

ನೆರೆಮನೆಯ ಹಸುವನ್ನು ಹೊಡೆದುಕೊಂಡು ಹೊರಟೇಬಿಟ್ಟರು. ಮೊದಲ ದಿನ ಅದು ಯಾರದೋ ಕಬ್ಬಿನ ಗದ್ದೆಗೆ ನುಗ್ಗಿತು. ಗದ್ದೆಯವನು ದೊಣ್ಣೆ ಹಿಡಿದು ಬಂದ, ಹಸುವಿಗಿಂತ ಮುಂದೆ ಮಾವ ಓಡಿದರು! ಮರುದಿನ ಅದು ನಡುರಸ್ತೆಯಲ್ಲಿ ಮಂಡ್ಯದ ಬಸ್ಸಿಗೆ ಅಡ್ಡ ಮಲಗಿತು. ಡ್ರೈವರು ಹಾರ್ನು ಒತ್ತಿದ್ದೇ ಒತ್ತಿದ್ದು. “ತಡ್ಕಳಪ್ಪಾ, ಪಾಯ ಅಳೀತಾ ಇವ್ನಿ!” ಎಂದರು ಮಾವ. ಊರೆಲ್ಲ ನಕ್ಕಿತು, ಅತ್ತೆ ಮಾತ್ರ ಒಳಗೆ ಹೋಗಿ ಅತ್ತರು. “ಈ ಜನ್ಮದಾಗೆ ನಂಗೆ ಮನೆ ಇಲ್ಲ ಕಣಪ್ಪ” ಎಂದು ನನ್ನೆದುರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಮಾವನ ಮೇಲೆ ಕೆಟ್ಟ ಕೋಪ ಬಂತು.

ಮೂರನೆಯ ದಿನ ಬೆಳಗ್ಗೆ ನೋಡುತ್ತೇನೆ, ಅತ್ತೆ ನಮ್ಮ ಜಮೀನಿನ ರಸ್ತೆ ಪಕ್ಕದ ಜಾಗದಲ್ಲಿ ರಾಗಿಹುಲ್ಲು ಹರವಿ ಮೇಲೆ ಬೂಸ ಉದುರಿಸುತ್ತಿದ್ದಾರೆ! ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ಹಸು ಬಂತು, ಮೇಯಿತು, ಅಲ್ಲೇ ಮಲಗಿ ಮೆಲುಕು ಹಾಕಿತು. “ಆಯ್ತು, ಇದೇ ಜಾಗ!” ಎಂದು ಮಾವ ಕೂಗಿದ್ದು ಊರಾಚೆಗೂ ಕೇಳಿಸಿರಬೇಕು.

ಗೋಡೆ ಎದ್ದ ಮೇಲೆ ಒಂದು ಸಂಜೆ ಮಾವ, ನಾನು ಅದಕ್ಕೆ ನೀರು ಹೊಡೆಯುತ್ತಿದ್ದೆವು. ಮನಸ್ಸು ತಡೆಯಲಿಲ್ಲ, ಹುಲ್ಲಿನ ವಿಷಯ ಹೇಳಿಬಿಟ್ಟೆ. ಮಾವ ತಿರುಗಿಯೂ ನೋಡಲಿಲ್ಲ.

“ಪರೀಕ್ಷೇಲಿ ಕಾಪಿ ಹಿಡ್ದೂ ಹಿಡ್ದೂ ಮುದುಕನಾದೋನು ಕಣ್ಲಾ ನಾನು. ಹುಲ್ಲು ಕಾಣಾಕಿಲ್ವಾ?” ಎಂದರು. ಪೈಪಿನ ಮಡಿಕೆ ಬಿಡಿಸುತ್ತ, “ಅಷ್ಟು ಮನೆ ಬದ್ಲಾಯಿಸ್ದೆ. ಎಲ್ಲಿರಾನ ಅಂತ ಒಂದ್ಸಲಾನೂ ಅವ್ಳ ಕೇಳ್ನಿಲ್ಲ. ಈ ವಯಸ್ನಾಗೆ ಅವ್ಳು ಹೇಳಿದ್ಕೆ ಸಟ್ಟಂತ ಹೂಂ ಅನ್ನಾಕೆ ನಾಚ್ಕೆ ಆಯ್ತು, ಅದ್ಕೆ ಹಸ ಮುಂದೆ ಬುಟ್ಟೆ. ಮೊದಲ್ನೇ ದಿನಾನೇ ಹುಲ್ಲು ಹಾಕ್ತಾಳೆ ಅಂದ್ಕಂಡಿದ್ದೆ. ಅವ್ಳಿಗೆ ಹೇಳ್ಬುಟ್ಟೀಯ, ಹುಷಾರು!” ಎಂದು ಪೈಪನ್ನು ಗೋಡೆಗೆ ಹಿಡಿದರು.

ಮಾವ ಹೋಗಿ ಎರಡು ವರ್ಷವಾಯಿತು. ಮನೆಗೆ ಬಂದವರಿಗೆಲ್ಲ ಅತ್ತೆ ಕಾಫಿ ಕೊಟ್ಟು, “ಅಷ್ಟು ಓದ್ದೋರ್ನ ಒಂದು ಹೊರೆ ಹುಲ್ನಾಗೆ ಏಮಾರಿಸ್ಬುಟ್ಟೆ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ.