ಅಕ್ಕ ಕಿತ್ತಿಟ್ಟ ಪ್ಲಗ್ಗು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಗುರುವಾರ, ಏಳನೇ ಇಯತ್ತೆಯ ಗಣಿತ ಪರೀಕ್ಷೆಯ ದಿನ. ಶಾಲೆಯ ಕಡೆ ಹೋಗುವ ಬಸ್ಸು ಬಿಟ್ಟು ಎದುರಿನಿಂದ ಬಂದ ಬಸ್ಸು ಹತ್ತಿದೆ. ಅಲ್ಲಿಂದ ಇಲ್ಲಿಯವರೆಗೆ ಯಾವ ಊರಿನಲ್ಲೂ ವರ್ಷ ತುಂಬಿಸಿದವನಲ್ಲ. ಹೋಟೆಲಿನಲ್ಲಿ ಲೋಟ ತೊಳೆದೆ, ಸೈಬರ್ ಕೆಫೆಯಲ್ಲಿ ಕಸ ಗುಡಿಸುತ್ತ ಕಂಪ್ಯೂಟರ್ ಕಲಿತೆ. ಈಗ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಎಬ್ಬಿಸಿ ಕೂರಿಸುವುದೇ ಹೊಟ್ಟೆಪಾಡು. ಯಂತ್ರಗಳು ಹೇಳಿದ ಹಾಗೆ ಕೇಳುತ್ತವೆ. ಅವುಗಳ ಮುಂದೆ ಕೂತವರು ಕೇಳುವುದಿಲ್ಲ. ಹಾಗಾಗಿ ಹೋದಲ್ಲೆಲ್ಲ ಏನಾದರೊಂದು ನಡೆಯುತ್ತಲೇ ಇರುತ್ತದೆ. ಈ ಸಲದ್ದು ಅಂಕೋಲೆಯ ಒಂದು ಫೋಟೋ ಸ್ಟುಡಿಯೋದಲ್ಲಿ.

ನಡುವೆ ಯಾರೂ ಬೇಡ

ಸ್ಟುಡಿಯೋ ಯಜಮಾನರು ಮದುವೆ ಫೋಟೋ ತೆಗೆಯುವವರು. ಆಲ್ಬಮ್ಮಿಗೆ ಯಾವುದು ಚಂದ ಎಂದು ಆರಿಸುವುದು ಕಾರವಾರದ ಕೋಡಿಬಾಗದಲ್ಲಿರುವ ಅವರ ಅಕ್ಕ. ಇಷ್ಟು ದಿನ ಕ್ಲೌಡಿಗೆ ಹಾಕಿ ಕಳಿಸುತ್ತಿದ್ದರು. ಅಲ್ಲಿ ಜಾಗ ತುಂಬಿತು.

"ಅಣ್ಣ, ಕ್ಲೌಡೂ ಬೇಡ, ಗಿಲೌಡೂ ಬೇಡ," ಎಂದೆ. "ನಿಮ್ಮ ಕಂಪ್ಯೂಟರು, ಅಕ್ಕನ ಕಂಪ್ಯೂಟರು ನೇರ ಮಾತಾಡಿಕೊಳ್ಳುತ್ತವೆ. ಇಲ್ಲಿ ಫೋಲ್ಡರಿಗೆ ಹಾಕಿದ್ದು ಅಲ್ಲೂ ಹೋಗಿ ಕೂರುತ್ತದೆ."

ಯಜಮಾನರು ಯೋಚಿಸಿದರು. "ನಾನು ಅಕ್ಕ ನೇರ ಮಾತಾಡಿದ್ರೆ ಹತ್ತು ನಿಮಿಷಕ್ಕೆ ಜಗಳ ಆಗ್ತದೆ ತಮಾ. ಇವಕ್ಕಾದ್ರೂ ಆಗದೇ ಇರ್ಲಿ."

ಎರಡು ಪುಟ ಊರು

ಎರಡು ಯಂತ್ರಗಳಿಗೆ ಪರಿಚಯ ಮಾಡಿಸಲು ಒಂದರ ಗುರುತನ್ನು ಇನ್ನೊಂದರಲ್ಲಿ ಬರೆಯಬೇಕು. ಐವತ್ತಕ್ಕೂ ಮಿಕ್ಕಿ ಇಂಗ್ಲಿಷ್ ಅಕ್ಷರಗಳು. ವಾಟ್ಸಾಪಿನಲ್ಲಿ ಕಳಿಸಿ ಎಂದರೆ ಯಜಮಾನರು ಕೇಳಲಿಲ್ಲ. ಫೋನು ಹಿಡಿದು ಅಕ್ಕನಿಗೆ ಹೇಳತೊಡಗಿದರು: "ಬಿ ಅಂದ್ರೆ ಬಿಣಗಾ. ಎಚ್ ಅಂದ್ರೆ ಹಟ್ಟಿಕೇರಿ. ಕೆ ಅಂದ್ರೆ ಕುಮಟಾ." ಅರ್ಧ ಗಂಟೆ ಇದೇ ನಡೆಯಿತು.

ಮರುದಿನ ನಾನು ಕೋಡಿಬಾಗಕ್ಕೆ ಹೋದೆ. ಅಕ್ಕ ನೋಟ್‌ಬುಕ್ಕು ಮುಂದಿಟ್ಟರು. ಎರಡು ಪುಟದ ತುಂಬ ಬರೀ ಊರುಗಳ ಹೆಸರು, ಒಂದಕ್ಷರ ಇಂಗ್ಲಿಷಿಲ್ಲ.

"ಒಳ್ಳೇದಾಯ್ತು ಮಾರಾಯ," ಎಂದರು. "ಈ ವರ್ಷ ಇಷ್ಟೆಲ್ಲ ಊರಾಗೆ ಮದುವೆ ಸಿಕ್ತನಾ ನನ್ನ ತಮ್ಮನಿಗೆ?"

ಚೀಟಿ

ಈ ಪದ್ಧತಿಗೆ ಒಂದೇ ಷರತ್ತು. ಎರಡೂ ಯಂತ್ರಗಳು ಒಂದೇ ಹೊತ್ತಿಗೆ ಎಚ್ಚರ ಇರಬೇಕು. ಕಾಳಿ ನದಿಯ ಆಚೆ ಎಲ್ಲೋ ಗುಡುಗು ಗೊರಕೆ ಹೊಡೆದರೂ ಸಾಕು, ಅಕ್ಕ ಟೀವಿ, ಮಿಕ್ಸರು, ಕಂಪ್ಯೂಟರು ಎಲ್ಲದರ ಪ್ಲಗ್ಗು ಕೀಳುವರು. ಮಳೆ ನಿಂತ ಮೇಲೆ ಟೀವಿಯದ್ದು ನೆನಪಾಗುತ್ತಿತ್ತು, ಕಂಪ್ಯೂಟರಿನದ್ದು ಆಗುತ್ತಿರಲಿಲ್ಲ.

"ಕೀಳಬೇಡಿ ಅಕ್ಕ. ಫೋಟೋ ಬರೋದು ನಿಂತುಹೋಗ್ತದೆ."

"ಸಿಡಿಲು ನಿನ್ನ ಕೇಳಿ ಬರ್ತದನಾ?"

ಮೂರು ತಿಂಗಳು ಜಗಳಾಡಿದೆ. ಕೊನೆಗೆ 'ಕೀಳಬಾರದು' ಎಂದು ಬರೆದು ಪ್ಲಗ್ಗಿಗೇ ಚೀಟಿ ಅಂಟಿಸಿದೆ. ಮುಂದಿನ ಸಲ ಹೋದಾಗ ಪ್ಲಗ್ಗು ನೆಲದ ಮೇಲಿತ್ತು, ಚೀಟಿ ಸಮೇತ.

ಅಜ್ಜಿಯ ನಗು

ಹೋದ ತಿಂಗಳು ಹಟ್ಟಿಕೇರಿಯಲ್ಲೊಂದು ಮದುವೆ. ಮದುಮಗಳ ಅಜ್ಜಿ ಕ್ಯಾಮೆರಾ ಕಂಡರೆ ತುಟಿ ಬಿಗಿಯುವವರು. ಜನ್ಮದಲ್ಲೇ ಅವರು ನಕ್ಕ ಫೋಟೋ ಇಲ್ಲ. ಆ ದಿನ ಊಟದ ಪಂಕ್ತಿಯಲ್ಲಿ ಬೀಗರ ಪೇಟ ಜಾರಿ ಪಾಯಸಕ್ಕೆ ಬಿತ್ತು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. ಯಜಮಾನರು ಹಿಡಿದರು. ಅಲ್ಲಿಂದ ಮದುಮಗಳ ತಾಯಿ ದಿನಾ ಸ್ಟುಡಿಯೋಕ್ಕೆ ಬರುವರು: "ಆಲ್ಬಮ್ಮು ತಡ ಆದ್ರೂ ಅಡ್ಡಿಲ್ಲ, ನಮ್ಮ ಅವ್ವ ನಕ್ಕದ್ದೊಂದು ಕೊಡಿ." ಅಕ್ಕ ಆರಿಸಿ ಮುಗಿಸದೆ ಒಂದು ಫೋಟೋವನ್ನೂ ಹೊರಗೆ ಕೊಡುವ ರೂಢಿ ಯಜಮಾನರಿಗಿಲ್ಲ.

ಫೋಟೋಗಳು ಕೋಡಿಬಾಗಕ್ಕೆ ಹೋಗಿ ಸೇರಿ ಒಂದು ವಾರವಾಗಿತ್ತು. ಒಂದು ಬೆಳಿಗ್ಗೆ ನಾನು ಸ್ಟುಡಿಯೋಕ್ಕೆ ಹೋದರೆ ಯಜಮಾನರು ಹಿಗ್ಗಿನಲ್ಲಿದ್ದರು.

"ಡಿಸ್ಕು ತುಂಬಿತ್ತು ತಮಾ. ಹೇಗೂ ಅಕ್ಕನ ಹತ್ರ ಒಂದು ಕಾಪಿ ಉಂಟಲ್ಲ. ಹಟ್ಟಿಕೇರಿ ಮದುವೆ ಅಷ್ಟೂ ನಿನ್ನೆ ಅಳಿಸಿದೆ."

"ಕ್ಯಾಮೆರಾದ ಕಾರ್ಡು?"

"ಅದ್ರಾಗೆ ಬೇರೆ ಮದುವೆ ತೆಗೆದಾಯ್ತು."

ಎರಡೂ ಯಂತ್ರ ಎಚ್ಚರವಿದ್ದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿದುಹೋಗುತ್ತದೆ. ಅಳಿಸಿದ್ದನ್ನು ಸ್ವಲ್ಪ ದಿನ ಬದಿಗಿಡುವ ವ್ಯವಸ್ಥೆ ಉಂಟು. ಅದನ್ನು ಹಾಕುವ ಹೊತ್ತಿಗೆ ಚಹಾ ಬಂದಿತ್ತು, ಮರೆತಿದ್ದೆ. ಮೂರು ತಿಂಗಳು ಪ್ಲಗ್ಗು ಕೀಳಬೇಡಿ ಎಂದು ಬೈದವನು ಆಗ ಮಾಡಿದ ಮೊದಲ ಕೆಲಸ ಸ್ಟುಡಿಯೋ ಕಂಪ್ಯೂಟರಿನ ಪ್ಲಗ್ಗು ಕಿತ್ತದ್ದು. ಆದರೆ ನಿನ್ನೆಯಿಂದ ಇವತ್ತಿನವರೆಗೆ ಅಕ್ಕನ ಯಂತ್ರ ಎಚ್ಚರವಿತ್ತೋ ಇಲ್ಲವೋ? ಫೋನು ಮಾಡಿದರೆ ಎತ್ತಲಿಲ್ಲ.

ಅಷ್ಟರಲ್ಲಿ ಮದುಮಗಳ ತಾಯಿ ಬಂದರು. ಯಜಮಾನರು ಮುಖ ಒರೆಸಿಕೊಂಡು, "ಫೋಟೋ ಕಾರವಾರದಾಗೆ ಉಂಟು, ಇವ ತರೂಕೆ ಹೊರಟ," ಎಂದುಬಿಟ್ಟರು.

"ಹಂಗಾರೆ ನಾನೂ ಬರ್ತೆ."

ಬಸ್ಸಿನಲ್ಲಿ ಆಕೆ ನನ್ನ ಪಕ್ಕವೇ ಕೂತರು. ಬಿಣಗಾ ಬರುವವರೆಗೂ ಅಜ್ಜಿಯ ನಗುವಿನದೇ ಮಾತು. ಆಮೇಲೆ ನನ್ನ ಮುಖ ನೋಡಿ, "ಇಷ್ಟು ಗಾಳಿ ಬೀಸ್ತದೆ, ನೀ ಎಂತಕ್ಕೆ ಬೆವರ್ತೆ ತಮಾ?" ಎಂದರು.

ಕೋಡಿಬಾಗದಲ್ಲಿ ಅಕ್ಕ ಹಿತ್ತಿಲಲ್ಲಿ ಬಂಗಡೆ ಮೀನು ಕೊಯ್ಯುತ್ತಿದ್ದರು. ಫೋನು ಎತ್ತದಿದ್ದದ್ದು ಅದಕ್ಕೇ. ನಾನು ಒಳಗೆ ನುಗ್ಗಿದೆ. ಕಂಪ್ಯೂಟರಿನ ಪ್ಲಗ್ಗು ನೆಲದ ಮೇಲೆ, ಚೀಟಿ ಸಮೇತ. ಅದರ ಜಾಗದಲ್ಲಿ ಫ್ರಿಜ್ಜಿನ ವೈರು.

"ಯಾವಾಗ ಕಿತ್ತದ್ದು ಅಕ್ಕ?"

"ಸಿಡಿಲು ಬಂದ ದಿನ. ಐದು ದಿನ ಆಯ್ತು. ಎಲ್ಲ ಕಿತ್ತೆ, ಫ್ರಿಜ್ಜು ಒಂದು ಮರೆತೆ, ಅದ್ರ ಪಾಯಿಂಟೇ ಸುಟ್ಟುಹೋಯ್ತು." ಮೀನಿನ ಕೈಯನ್ನು ಹಿಂದಕ್ಕೆ ಹಿಡಿದುಕೊಂಡು ನಿಂತರು. "ಬೈಬೇಡ ಮಾರಾಯ. ಬಂಗಡೆ ಹಾಳಾಗ್ತದೆ. ಫೋಟೋ ಎಂತ, ಹಾಳಾಗ್ತದನಾ?"

ಅಳಿಸಿದ್ದು ನಿನ್ನೆ, ಇಲ್ಲಿ ಪ್ಲಗ್ಗು ಕಿತ್ತದ್ದು ಐದು ದಿನದ ಹಿಂದೆ. ಅಳಿಸಿದ ಸುದ್ದಿ ಈಗಲೂ ಮುಟ್ಟದಿರಲೆಂದು ಮೊದಲು ಇಂಟರ್ನೆಟ್ಟಿನ ವೈರು ಬಿಡಿಸಿ, ಬಂಗಡೆಯ ಕ್ಷಮೆ ಕೇಳಿ ಫ್ರಿಜ್ಜಿನ ವೈರು ಕಿತ್ತು, ಕಂಪ್ಯೂಟರ್ ಹಚ್ಚಿದೆ. ಮದುವೆ ಅಷ್ಟೂ ಇತ್ತು. ಅಜ್ಜಿ ಬಾಯಿ ತುಂಬ ನಗುತ್ತಿದ್ದರು. ಮದುಮಗಳ ತಾಯಿ ತುಂಬ ಹೊತ್ತು ನೋಡಿ, "ಇದಕ್ಕೆ ಎಂತಕ್ಕೆ ಅಷ್ಟು ಬೆವರಿದ್ಯೋ," ಎಂದರು.

ಅಳಿಸಿದ್ದನ್ನು ಬದಿಗಿಡುವ ವ್ಯವಸ್ಥೆಯನ್ನು ಎರಡೂ ಕಡೆ ಹಾಕಿದ್ದೇನೆ, ಚಹಾ ಬರುವ ಮೊದಲೇ. ಇನ್ನು ಇಲ್ಲಿ ನನಗೆ ಕೆಲಸವಿಲ್ಲ. ಚೀಲಕ್ಕೆ ಎರಡು ಅಂಗಿ, ಸ್ಕ್ರೂಡ್ರೈವರು, ಲ್ಯಾಪ್‌ಟಾಪು ತುಂಬುತ್ತಿದ್ದೇನೆ. ಈಗಷ್ಟೇ ಅಕ್ಕ ಬಸ್ಸಿನ ಕಂಡಕ್ಟರರ ಕೈಯಲ್ಲಿ ಒಂದು ಡಬ್ಬಿ ಕಳಿಸಿದರು. ಹುರಿದ ಬಂಗಡೆ. ಮುಚ್ಚಳದ ಮೇಲೆ ನನ್ನದೇ ಚೀಟಿ, ಹಿಂಬದಿ ತಿರುಗಿಸಿ ಬರೆದದ್ದು:

"ಇದರ ಕಾಪಿ ಇಲ್ಲ. ಇವತ್ತೇ ತಿಂದು ಮುಗ್ಸು."