ಉಡುಗೊರೆ ಬೇಡ ಅಂದವರ ಮನೆಗಳು

ನಾವು ಅಮೆರಿಕದ ಟ್ರಾಯ್ ಊರಿಗೆ ಬಂದ ಮೇಲೆ ಬರ್ತ್‌ಡೇ ಪಾರ್ಟಿ ಇಲ್ಲದ ಶನಿವಾರ ಕಂಡಿದ್ದೇ ಅಪರೂಪ. ಈಚೆಗೆ ಎಲ್ಲರ ಕರೆಯಲ್ಲೂ ‘ದಯವಿಟ್ಟು ಉಡುಗೊರೆ ತರಬೇಡಿ’ ಅನ್ನುವ ಸಾಲೊಂದು ಸೇರಿಕೊಂಡಿದೆ. ಸಾಲು ಬಹಳ ಸಭ್ಯವಾಗಿದೆ. ಬರೆದವರ ಬಗ್ಗೆ ಆ ಮಾತು ಹೇಳಲಾರೆ. ಅದನ್ನು ನಂಬಿಕೊಂಡು ಹೋದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ.

ನೀವು ಬಂದರೆ ಸಾಕು

ಮೊದಲ ಸಲ ನಂಬಿದ್ದು ಪ್ಲಿಮತ್‌ನಲ್ಲಿರುವ ನನ್ನ ಗಂಡನ ಸಹೋದ್ಯೋಗಿಯ ಮಾತನ್ನು. ಅವರ ಮಗನ ಐದನೇ ಹುಟ್ಟುಹಬ್ಬ. ‘ನೀವು ಬರುವುದೇ ನಮಗೆ ಉಡುಗೊರೆ’ ಎಂದು ವಾಟ್ಸಾಪ್ ಬಂದಿತ್ತು. ನಾವೂ ಅಷ್ಟೇ ಮಾಡಿದೆವು, ಬರಿಗೈಲಿ ಹೋದೆವು.

ಬಾಗಿಲ ಪಕ್ಕದಲ್ಲೇ ಒಂದು ಟೇಬಲ್, ಅದರ ಮೇಲೆ ಬಣ್ಣದ ಕಾಗದ ಸುತ್ತಿದ ಡಬ್ಬಗಳ ರಾಶಿ. ಮನೆಯಾಕೆ ಮೊದಲು ನಮ್ಮ ಕೈ ನೋಡಿದರು, ಆಮೇಲೆ ಮುಖ ನೋಡಿದರು.

“ಕಾರಲ್ಲೇ ಮರೆತು ಬಂದ್ರಾ? ಪರವಾಗಿಲ್ಲ, ಶೂ ಬಿಚ್ಚೋಕೆ ಮುಂಚೆ ತಂದ್‌ಬಿಡಿ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇದೆ, ಪದೇ ಪದೇ ಓಡಾಡೋದು ಕಷ್ಟ.”

ನನ್ನ ಗಂಡ ಹೋಗಿ, ಚಳಿಗಾಲಕ್ಕೆಂದು ಹೊಸದಾಗಿ ಕೊಂಡು ಡಿಕ್ಕಿಯಲ್ಲಿಟ್ಟಿದ್ದ ಎಮರ್ಜೆನ್ಸಿ ಕಿಟ್ ತಂದು ಕೊಟ್ಟರು. ಅದರಲ್ಲಿ ಮಿನುಗುವ ಕೆಂಪು ಲೈಟು, ಹಗ್ಗ, ಸತ್ತ ಬ್ಯಾಟರಿಗೆ ಬೇರೆ ಕಾರಿನಿಂದ ಕರೆಂಟ್ ಕೊಡುವ ಜಂಪರ್ ಕೇಬಲ್ ಎಲ್ಲ ಇದ್ದವು. ಹುಡುಗ ಬೇರೆ ಯಾವ ಡಬ್ಬವನ್ನೂ ಮುಟ್ಟಲಿಲ್ಲ. ಕೇಕ್ ಕತ್ತರಿಸುವಾಗಲೂ ಎಲ್ಲರ ಕಣ್ಣಿಗೆ ಲೈಟ್ ಬಿಡುತ್ತಿದ್ದ.

ಹೊರಡುವಾಗ ಆಕೆ, “ಬೇಡ ಅಂತ ಬರೆದಿದ್ವಲ್ಲ, ಸುಮ್ನೆ ಯಾಕೆ ತರೋಕೆ ಹೋದ್ರಿ?” ಅಂದರು.

ಹೊರಗೆ ಬಂದರೆ ಚಳಿಗೆ ನಮ್ಮ ಕಾರಿನ ಬ್ಯಾಟರಿ ಸತ್ತಿತ್ತು. ನನ್ನ ಗಂಡ ಒಳಗೆ ಹೋಗಿ ಕೇಬಲ್ ಕೇಳಿದರೆ ಹುಡುಗ ಕಿಟ್ಟನ್ನು ಎದೆಗೆ ಅವಚಿಕೊಂಡು ಹೇಳಿದ: “ನೋ. ಇಟ್ಸ್ ಮೈನ್.”

ಊರಿಗೊಂದು ಶಾಲೆ

ಷಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ನಮಗೆ ಬೇಕಾದ ಒಬ್ಬ ಡಾಕ್ಟರ್ ಅಂಕಲ್ ಇದ್ದಾರೆ, ಧಾರವಾಡದ ಕಡೆಯವರು. ತಮ್ಮ ಅರವತ್ತನೇ ಹುಟ್ಟುಹಬ್ಬಕ್ಕೆ ಹೂವೂ ಬೇಡ, ಹಾರವೂ ಬೇಡ, ತಮ್ಮ ಹಳ್ಳಿಯ ಬಡಮಕ್ಕಳಿಗೆ ಶಾಲೆ ಕಟ್ಟಲು ಕೈಲಾದಷ್ಟು ಕೊಡಿ ಅಂದಿದ್ದರು. ಎಂಥ ದೊಡ್ಡ ಮನಸ್ಸು ಅಂದುಕೊಂಡು ನಾವೂ ಕೊಟ್ಟೆವು.

ಪಾರ್ಟಿ ಹಾಲ್‌ನಲ್ಲಿ ದೊಡ್ಡ ಪರದೆ ಇಳಿಬಿಟ್ಟು ಫೋಟೋ ತೋರಿಸಿದರು. ಗ್ರಾನೈಟಿನ ಮಹಾದ್ವಾರ. ನೆತ್ತಿಯ ಮೇಲೆ ಬಂಗಾರದ ಅಕ್ಷರದಲ್ಲಿ ಅಂಕಲ್ ಹೆಸರು, ಡಿಗ್ರಿಗಳ ಸಮೇತ. ಒಂದು ಕಂಬದಲ್ಲಿ ಅವರಪ್ಪ, ಇನ್ನೊಂದರಲ್ಲಿ ಅವರಮ್ಮ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ದ್ವಾರದ ಆಚೆ ಕಣ್ಣು ಕಿರಿದು ಮಾಡಿ ನೋಡಿದೆ. ಬಯಲಿತ್ತು, ಒಂದು ಎಮ್ಮೆ ಇತ್ತು.

“ಅಂಕಲ್, ಶಾಲೆ ಎಲ್ಲಿ?” ಅಂದೆ.

ಅವರಿಗೆ ಒಂದಿಷ್ಟೂ ಮುಜುಗರ ಆಗಲಿಲ್ಲ. “ಅದು ಎಪ್ಪತ್ತನೇ ಬರ್ತ್‌ಡೇಕ್ಕ ಆಗ್ತದವಾ,” ಅಂದರು.

ನಿಮ್ಮ ಸಮಯ ಕೊಡಿ

ನಮ್ಮ ಬಡಾವಣೆಯಲ್ಲೇ ಇದ್ದ ದಂಪತಿ ಇನ್ನೊಂದು ಬಗೆ. ಗಂಡನ ಮೂವತ್ತನೇ ಹುಟ್ಟುಹಬ್ಬಕ್ಕೆ ಕರೆದಾಗ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದಳು: “ವಸ್ತುಗಳು ಸಾಕಾಗಿವೆ ಆಂಟಿ. ನಿಮ್ಮ ಸಮಯ ಕೊಡಿ. ಅದಕ್ಕಿಂತ ದೊಡ್ಡದು ಏನಿದೆ?” ಮಾತು ಕೇಳಿ ನನ್ನ ಗಂಡ ಕರಗಿಹೋದರು. “ಯಾವಾಗ ಬೇಕಾದ್ರೂ ಕೇಳಮ್ಮ,” ಅಂದುಬಿಟ್ಟರು.

ಪಾರ್ಟಿ ಆದ ಮುಂದಿನ ಶನಿವಾರ ಬೆಳಿಗ್ಗೆಯೇ ಫೋನ್ ಬಂತು. ಅವರು ವಾರೆನ್‌ಗೆ ಮನೆ ಬದಲಾಯಿಸುತ್ತಿದ್ದರು. ಹೋಗಿ ನೋಡಿದರೆ ಪಾರ್ಟಿಯಲ್ಲಿ ಕೇಕ್ ತಿಂದಿದ್ದ ಗಂಡಸರೆಲ್ಲ ಸಾಲಾಗಿ ನಿಂತು ಡಬ್ಬ ಹೊರುತ್ತಿದ್ದಾರೆ. ಸಾಕಾಗಿವೆ ಅಂದಿದ್ದ ವಸ್ತುಗಳು ಒಂದು ದೊಡ್ಡ ಟ್ರಕ್ಕಿಗೆ ಹಿಡಿಸಲಿಲ್ಲ. ಬೇಸ್‌ಮೆಂಟಿನಿಂದ ಸೋಫಾ ಎತ್ತುವಾಗ ನನ್ನ ಗಂಡನ ಸೊಂಟ ಹಿಡಿದುಕೊಂಡಿತು. ಹುಟ್ಟುಹಬ್ಬದವನು ಮಾತ್ರ ಕಾಫಿ ಹಿಡಿದು ಗ್ಯಾರೇಜಿನಲ್ಲಿ ನಿಂತಿದ್ದ. ನೀವೂ ಒಂದು ಕೈ ಹಾಕಬಾರದಾ ಅಂತ ಕೇಳಿದೆ.

“ಗಿಫ್ಟ್ ಕೊಡೋರ ಮಧ್ಯೆ ನಾನು ಕೈ ಹಾಕೋದು ಚೆನ್ನಾಗಿರಲ್ಲ ಆಂಟಿ,” ಅಂದ.

ನಾಯಿಗಳ ಪಾಲು

ಕೊನೆಗೆ ಸರದಿ ನಮ್ಮ ಮನೆಗೇ ಬಂತು. ಮಗಳಿಗೆ ಹನ್ನೊಂದು ತುಂಬಿದಾಗ ಅವಳೇ ತೀರ್ಮಾನ ಮಾಡಿದಳು: ತನಗೆ ಏನೂ ಬೇಡ, ಅನಾಥ ನಾಯಿಗಳನ್ನು ಸಾಕುವ ಶೆಲ್ಟರ್‌ಗೆ ತಿನಿಸು ತನ್ನಿ. ಜನ ಚೀಲಗಟ್ಟಲೆ ತಂದರು. ಅವಳ ಗೆಳತಿಯೊಬ್ಬಳು ನಾಯಿ ಬಿಸ್ಕತ್ತನ್ನು ಮನೆಯಲ್ಲೇ ಬೇಯಿಸಿ, ಗಾಜಿನ ಜಾಡಿಯಲ್ಲಿ ತುಂಬಿ, ರಿಬ್ಬನ್ ಕಟ್ಟಿ ತಂದಿದ್ದಳು. ಯಾರೋ ಅದನ್ನು ಊಟದ ಟೇಬಲ್ ಮೇಲೆ, ನಾನು ಬೆಳಿಗ್ಗೆಯಿಂದ ಕರಿದ ಬೋಂಡದ ಪಕ್ಕದಲ್ಲಿಟ್ಟರು.

ನಮ್ಮ ಬಳಗದಲ್ಲಿ ಮೈಸೂರಿನ ಒಬ್ಬ ಅಂಕಲ್ ಇದ್ದಾರೆ. ಯಾರ ಮನೆಯ ಅಡುಗೆಯನ್ನೂ ಅವರು ಇದುವರೆಗೆ ಒಪ್ಪಿಲ್ಲ. ನಮ್ಮ ಮನೆಯ ಹುಳಿ ತೆಳುವಾಯಿತು, ಕೇಸರಿಬಾತು ಗಟ್ಟಿಯಾಯಿತು ಅಂತ ಬಡಿಸುವಾಗಲೇ ಹೇಳುವವರು. ಆವತ್ತು ಬೋಂಡ ಕಚ್ಚಿ ಮುಖ ಸಿಂಡರಿಸಿ ತಟ್ಟೆಯ ಅಂಚಿಗೆ ತಳ್ಳಿದರು. ಜಾಡಿಗೆ ಕೈ ಹಾಕಿದರು. ಒಂದು ತಿಂದರು, ಇನ್ನೊಂದು ತೆಗೆದರು.

“ನೋಡಮ್ಮ,” ಅಂದರು ಎಲ್ಲರಿಗೂ ಕೇಳುವ ಹಾಗೆ. “ಇಷ್ಟು ವರ್ಷಕ್ಕೆ ನಿಮ್ಮ ಮನೇಲಿ ಒಂದು ಐಟಂ ಸರಿಯಾಗಿ ಬಂದಿದೆ. ಜಿಡ್ಡಿಲ್ಲ, ಹದವಾಗಿ ಬೆಂದಿದೆ.”

ಹೇಳುತ್ತಲೇ ಒಂದರ ಮೇಲೊಂದು ಬಾಯಿಗೆ ಹಾಕಿಕೊಂಡರು. ಮಗಳು ಜಾಡಿ ಅರ್ಧ ಖಾಲಿಯಾದದ್ದು ನೋಡಿ ಓಡಿ ಬಂದಳು. “ಅಂಕಲ್, ಪ್ಲೀಸ್ ಸ್ಟಾಪ್. ದಟ್ಸ್ ಫಾರ್ ದ ಡಾಗ್ಸ್.”

ಅಂಕಲ್ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು. ಜಾಡಿಯನ್ನು ತಮ್ಮ ಕಡೆಗೇ ಎಳೆದುಕೊಂಡರು.

“ಅವಕ್ಕೆ ನಿಮ್ಮಮ್ಮ ಮಾಡಿರೋ ಬೋಂಡ ಕೊಡು ಪುಟ್ಟಿ,” ಅಂದರು. “ನಾಯಿಗಳು ಪಾಪ, ಬಾಯಿಬಿಟ್ಟು ಹೇಳಲ್ಲ.”