ಲಗ್ನಪತ್ರಿಕೆ ನುಂಗಿದ ಪತ್ತೇದಾರ

ಕಂಪ್ಯೂಟರಿನ ವಿಷಯದಲ್ಲಿ ಬೈಲಹೊಂಗಲದಲ್ಲಿ ನನ್ನಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿಲ್ಲ. ಹೀಗೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ!

ಲಗ್ನಪತ್ರಿಕೆ ಮುದ್ರಿಸುವ ಅಂಗಡಿ ನನ್ನದು. ಯಾರ ಪೆನ್‌ಡ್ರೈವಿನಲ್ಲಿ ಏನಿರುತ್ತದೋ ಎಂದು ಕಂಪ್ಯೂಟರಿಗೆ ಒಬ್ಬ ಕಾವಲುಗಾರನನ್ನು ಹಾಕಿದ್ದೆ. ಅನುಮಾನದ ಫೈಲು ಬಂದರೆ ತಡೆಯುವ ಪ್ರೋಗ್ರಾಂ ಅದು. ಏಕೆ ತಡೆದೆ ಎಂದರೆ ಮಾತ್ರ ಬಾಯಿ ಬಿಡದು. ಅದಕ್ಕೆ ನಾನೇ ಕುಳಿತು ಇನ್ನೊಂದು ಪ್ರೋಗ್ರಾಂ ಬರೆದೆ. ತಡೆದ ಫೈಲಿನ ಹೆಸರನ್ನು ಕಂಪ್ಯೂಟರಿಗೆ ಓದಿ ಹೇಳಿ, ಕಾರಣ ವಿಚಾರಿಸಿ ತರುವ ಪತ್ತೇದಾರ! ಕೆಲಸ ಸಲೀಸಾಗಲೆಂದು ಅವನಿಗೆ ಸರ್ವಾಧಿಕಾರವನ್ನೂ ದಯಪಾಲಿಸಿದೆ.

ಸಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಹೆಂಡತಿ ಗಿರಿಜಾ ನೋಡಿದಳು. “ಫೈಲಿನ ಹೆಸರಿನ ಒಳಗ ಯಾರರ ಹುಕುಂ ಸೇರಿಸಿ ಕಳಿಸಿದ್ರ? ನಿಮ್ಮ ಪತ್ತೇದಾರ ಅದನ್ನೂ ಓದಿ ಹೇಳ್ತಾನ. ಕಂಪ್ಯೂಟರ್ ಅದು ನಿಮ್ಮ ಮಾತಂತ ತಿಳಕೊಂಡು ಮಾಡಿಬಿಡ್ತೈತಿ ನೋಡ್ರಿ.”

“ನಮ್ಮೂರಾಗ ಅಂಥಾ ಶ್ಯಾಣ್ಯಾ ಯಾರ ಅದಾನ?” ಎಂದು ನಕ್ಕೆ.

ಮರುದಿನವೇ ಸಂಪಗಾಂವದ ರುದ್ರಪ್ಪ ಕಾಕಾ ಬಂದರು. ಮಗಳ ಲಗ್ನ. ಮೊದಲ ಪತ್ರಿಕೆ ಅಂದೇ ಸವದತ್ತಿ ಗುಡ್ಡದ ಎಲ್ಲವ್ವನ ಮುಂದೆ ಇಡಬೇಕು. ಮನೆಮಂದಿಯೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಪತ್ರಿಕೆ ಸಿದ್ಧವಿತ್ತು. ಅಳಿಯನ ಫೋಟೊ ಸೇರಿಸುವುದಷ್ಟೇ ಬಾಕಿ. ಊರೆಲ್ಲ ಸುತ್ತಿ ಬಂದ ಪೆನ್‌ಡ್ರೈವ್ ಕೊಟ್ಟರು.

ಅದರಲ್ಲಿದ್ದ ಮಾರುದ್ದ ಹೆಸರಿನ ಫೈಲೊಂದನ್ನು ಕಾವಲುಗಾರ ತಡೆದ. “ಈಗ ನೋಡ್ರಿ ಕಾಕಾ, ನಮ್ಮ ಪತ್ತೇದಾರನ ಕೈಚಳಕ!” ಎಂದು ಗುಂಡಿ ಒತ್ತಿದೆ. ಆ ಹೆಸರಿನ ಬಾಲದಲ್ಲಿ, ಇದ್ದಬದ್ದದ್ದನ್ನೆಲ್ಲ ಅಳಿಸು ಎಂಬ ಆಜ್ಞೆ ಅಡಗಿತ್ತು. ಪತ್ತೇದಾರ ಭಕ್ತಿಯಿಂದ ಓದಿದ. ಕಂಪ್ಯೂಟರ್ ಭಕ್ತಿಯಿಂದ ಅಳಿಸಿತು! ಬಾಗಿಲಲ್ಲಿ ತಡೆದ ಕಳ್ಳನನ್ನು ನಾನೇ ಕರೆದು ಗಾದಿಯ ಮೇಲೆ ಕೂರಿಸಿದ್ದೆ.

“ಏನಾತೋ ತಮ್ಮಾ?”

“ಪತ್ರಿಕಿ ಹೋತ್ರಿ ಕಾಕಾ.”

ಕಾಕಾ ಸ್ಟೂಲಿನ ಮೇಲೆ ಕುಸಿದರು. “ಎಲ್ಲವ್ವಗ ಏನ್ ಹೇಳ್ಲಿ?” ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳುವೇ ಬಂತು.

ಫೋನ್ ಮಾಡಿದ ಕೂಡಲೇ ಗಿರಿಜಾ ಓಡಿ ಬಂದಳು. ಕಂಪ್ಯೂಟರಿನ ಕಡೆ ನೋಡಲೇ ಇಲ್ಲ. ನನ್ನ ಮಿರ್ಚಿ ಭಜಿಯ ಅಡಿಯಲ್ಲಿದ್ದ ಕಾಗದ ಎಳೆದಳು. ಹಿಂದಿನ ದಿನ ತಪ್ಪು ನೋಡುವುದಕ್ಕೆಂದು ಮುದ್ರಿಸಿ ತೆಗೆದ ಕಾಕಾನ ಪತ್ರಿಕೆ ಅದು! ಮೂಲೆಗಳಲ್ಲೆಲ್ಲ ಎಣ್ಣೆ. ಉಳಿದ ಪತ್ರಿಕೆಗಳನ್ನು ಮತ್ತೆ ಮಾಡಲು ಫೋನಿನಲ್ಲಿ ಅದರ ಫೋಟೊ ಹೊಡೆದುಕೊಂಡು, ಕಾಗದವನ್ನು ಕಾಕಾನ ಕೈಗಿಟ್ಟಳು. ಕಾಕಾ ಚೀಲದಿಂದ ಅರಿಷಿಣ ತೆಗೆದು, ಶಾಸ್ತ್ರದಂತೆ ನಾಲ್ಕೂ ಮೂಲೆಗೆ ಹಚ್ಚಿದರು. ಕಲೆ ಮುಚ್ಚಿತು. ಭಜಿಯ ಘಮ ಮಾತ್ರ ಉಳಿಯಿತು.

ಹೊರಡುವಾಗ ನನ್ನ ಬೆನ್ನು ಸವರಿದರು. “ಬಿಡೋ ತಮ್ಮಾ, ತಪ್ಪು ನಿಂದಲ್ಲ. ಆ ಕಂಪ್ಯೂಟರ್ ಮಾತು ಕೇಳಲಿಲ್ಲ.”

“ಅದು ಯಾರ್ ಹೇಳಿದ್ರೂ ಕೇಳ್ತೈತ್ರಿ ಕಾಕಾ,” ಎಂದಳು ಗಿರಿಜಾ. “ಮಾತು ಕೇಳದವರು ಇವರ ನೋಡ್ರಿ!”

ಈಗ ಬೈಲಹೊಂಗಲದ ಎಚ್ಚರದ ಮನುಷ್ಯರಲ್ಲಿ ಮೊದಲ ಸ್ಥಾನ ಗಿರಿಜಾಳದು. ಎರಡನೆಯದು ಮಿರ್ಚಿ ಭಜಿಗೆ. ನನ್ನ ಹೆಸರು ಇನ್ನೂ ವಿಚಾರಣೆಯಲ್ಲಿದೆ.